ಗದಗಿನ ಪ್ರೆಸ್ಸಿನಲ್ಲಿ ಕೂತು ಸ್ಕ್ರಿಪ್ಟ್ ಬರೆಯಲು ಕಲಿತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಸ್ಕ್ರಿಪ್ಟ್ ಅಂದರೆ ಇಲ್ಲಿ, ಪುಟ ಕಟ್ಟುವ ಸಾಫ್ಟ್‌ವೇರಿಗೆ ಇದನ್ನು ಮಾಡು, ಅದನ್ನು ಮಾಡು ಅಂತ ಬರೆದುಕೊಡುವ ಆದೇಶಗಳ ಸಣ್ಣ ಫೈಲು. ಬಿ.ಎ. ಮುಗಿಸಿ ಒಂದು ವರ್ಷ ಸುಮ್ನೆ ಅಡ್ಡಾಡಿ, 2004ರಲ್ಲಿ ಮೂರು ತಿಂಗಳು ಪುಟ ಕಟ್ಟುವ ಸಾಫ್ಟ್‌ವೇರ್ ಪೇಜ್‌ಮೇಕರ್ ಕಲಿತು ಗದಗಿನ ಒಂದು ಪ್ರೆಸ್ಸಿಗೆ ಸೇರಿದೆ. ಆ ವರ್ಷವೇ ಅದರ ಕಂಪನಿ ಅಡೋಬಿಯವರು ಪೇಜ್‌ಮೇಕರ್‌ನ ಹೊಸ ಆವೃತ್ತಿ ಇನ್ನು ಬರಲ್ಲ ಅಂತ ಹೇಳಿದ್ದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರೆ. ಕಾಶಿಗೆ ಸುದ್ದಿ ತಡವಾಗಿ ಬಂತು ಅಂದುಕೊಳ್ಳಿ.

ನಮ್ಮಲ್ಲಿ ವರ್ಷಪೂರ್ತಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಇದ್ದದ್ದೇ. ಆದರೆ ಆಗಸ್ಟ್-ಸೆಪ್ಟೆಂಬರ್ ಬಂತೆಂದರೆ ಸೊಸೈಟಿಗಳ ಸೀಸನ್. ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಗಿತ್ತು. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಸೊಸೈಟಿಗಳಿಗೆ ಬರವಿಲ್ಲ. ಎಲ್ಲರಿಗೂ ಒಂದೇ ಹೊತ್ತಿಗೆ ವಾರ್ಷಿಕ ಸಭೆ, ಎಲ್ಲರಿಗೂ ಒಂದೇ ಹೊತ್ತಿಗೆ ವರದಿ ಪುಸ್ತಕ ಬೇಕು. ಆಡಳಿತ ಮಂಡಳಿಯ ಫೋಟೊ, ಅಢಾವೆ ಪತ್ರಿಕೆ, ಲಾಭ-ಹಾನಿ, ಕೊನೆಗೆ ಸದಸ್ಯರ ಯಾದಿ. ಈ ಯಾದಿಯೇ ನನ್ನ ಬೆನ್ನು ಮುರಿಯುತ್ತಿದ್ದದ್ದು.

2021ರಲ್ಲಿ ಒಂದು ಸೊಸೈಟಿಯಿಂದ 2,314 ಸದಸ್ಯರ ಪಟ್ಟಿ ಬಂತು. ಪೆನ್ ಡ್ರೈವಿನಲ್ಲಿ ಎಕ್ಸೆಲ್ ಫೈಲು, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ನುಡಿ, ಶ್ರೀಲಿಪಿ ಬಳಸಿದವರಿಗೆ ಇದು ಗೊತ್ತಿರುತ್ತೆ: ಹಳೇ ಫಾಂಟಿನಲ್ಲಿ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಸಂಕೇತ. ನುಡಿಯಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ ಫಾಂಟ್ ಬದಲಿಸಿ ನೋಡಿ. ದೊಡ್ಡ ಪಿ, ತಲೆ ಮೇಲೆ ಗೀರಿದ್ದ ಎ, ಆಮೇಲೆ ನಕಾರದ ಜಾಗದಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ! ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆದರೂ ನಮ್ಮ ‘ನ’ ಒಳಗೆ ಪೌಂಡು ಕೂತಿದೆ ಅಂತ ನಾವು ನಗುತ್ತಿದ್ದೆವು.

ಆ ವರ್ಷ ಮಾಲಕರು ಇನ್ನು ಎಲ್ಲ ಯುನಿಕೋಡಿನಲ್ಲೇ, ಅಂದರೆ ಒಳಗೂ ಕನ್ನಡವೇ ಇರುವ ಸಂಕೇತದಲ್ಲೇ ಮಾಡೋಣ ಅಂದರು. ಪಟ್ಟಿಯನ್ನು ನುಡಿಯಿಂದ ಯುನಿಕೋಡ್ ಮಾಡುವ ಕನ್ವರ್ಟರಿಗೆ ಹಾಕಿದೆ, ಪೇಜ್‌ಮೇಕರಿನ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್6ಗೆ ತಂದೆ. ನೋಡಿದರೆ ಒತ್ತಕ್ಷರವೆಲ್ಲ ಬಿಚ್ಚಿಕೊಂಡು ಬಿದ್ದಿವೆ. ‘ಅಪ್ಪ’ ಅಂತ ಒಂದು ಹೆಸರೂ ಸರಿ ಇಲ್ಲ. ನಮ್ಮ ಕಡೆ ಹೆಸರುಗಳಲ್ಲಿ ಅಪ್ಪ, ಅವ್ವ, ಗೌಡ್ರ ಇಲ್ಲದ್ದು ಎಷ್ಟಿರುತ್ತೆ ಹೇಳಿ! ಹುಬ್ಬಳ್ಳಿಯಲ್ಲಿ ಡಿಸೈನಿಂಗ್ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. “ಯಾವ ಫೈಲೂ ತೆಗಿಬ್ಯಾಡ. ಕಂಟ್ರೋಲ್, ಆಲ್ಟ್, ಎಫ್11 ಒತ್ತು. ಸ್ಕ್ರಿಪ್ಟ್ಸ್ ಅಂತ ಪ್ಯಾನಲ್ ಬರತೈತಿ, ಅದರಾಗ ಇಂಡಿಕ್ ಪ್ರಿಫರೆನ್ಸಸ್ ಅಂತ ಇರತೈತಿ ನೋಡು, ಎರಡು ಸಲ ಒತ್ತು” ಅಂದ. ಒತ್ತಿದೆ. ಏನೂ ಆದಂತೆ ಕಾಣಲಿಲ್ಲ. ಹೊಸ ಫೈಲು ತೆಗೆದು ಅಂಟಿಸಿದೆ, ಒತ್ತಕ್ಷರಗಳೆಲ್ಲ ಸರಿಯಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆ ಸ್ಕ್ರಿಪ್ಟು ಮಾಡಿದ್ದು ಇಷ್ಟೇ: ಹೊಸ ಫೈಲುಗಳಿಗೆ ವರ್ಲ್ಡ್-ರೆಡಿ ಕಂಪೋಸರ್ ಹಚ್ಚಿಬಿಡುವುದು. ಇದಿಲ್ಲದೆ ಇನ್‌ಡಿಸೈನಿಗೆ ನಮ್ಮ ಒತ್ತು ಹೊಂದಿಸಲು ಬರಲ್ಲ.

ಹದಿನೇಳು ವರ್ಷ ಈ ಕೆಲಸ ಮಾಡಿದ್ದೆ, ಆ ಪ್ಯಾನಲ್ ಇದೆ ಅಂತಲೇ ಗೊತ್ತಿರಲಿಲ್ಲ. ಅದರಲ್ಲಿ ಸ್ಯಾಂಪಲ್ಸ್ ಅಂತ ಫೋಲ್ಡರು ಇತ್ತು, ಒಳಗೆ ಒಂದಿಪ್ಪತ್ತು ಸ್ಕ್ರಿಪ್ಟುಗಳು. ಸೀಸನ್ ಮುಗಿದ ಮೇಲೆ, ಅಂದರೆ ದೀಪಾವಳಿ ರಜೆಯಲ್ಲಿ, ಒಂದೊಂದನ್ನೇ ಒತ್ತಿ ನೋಡಿದೆ. ಫೈಂಡ್ ಚೇಂಜ್ ಬೈ ಲಿಸ್ಟ್ ಅನ್ನುವುದು ನನ್ನ ಕೈ ಹಿಡಿಯಿತು. ಇದರ ಜೊತೆ ಒಂದು ಸಾದಾ ಟೆಕ್ಸ್ಟ್ ಫೈಲು ಇರುತ್ತೆ. ಒಂದೊಂದು ಸಾಲಿನಲ್ಲಿ ಏನು ಹುಡುಕಬೇಕು, ಏನು ಹಾಕಬೇಕು ಅಂತ ಟ್ಯಾಬ್ ಕೊಟ್ಟು ಬರೆದಿರುತ್ತಾರೆ. ಎರಡು ಸ್ಪೇಸ್ ಇದ್ದರೆ ಒಂದು ಮಾಡು, ಎರಡು ಎಂಟರ್ ಇದ್ದರೆ ಒಂದು ಮಾಡು, ಈ ಥರ. ಸಾಲು ಸೇರಿಸಿದರೆ ಸಾಕು, ಕೋಡ್ ಬರೆಯುವ ಗೊಡವೆ ಇಲ್ಲ. ಸ್ಕ್ರಿಪ್ಟ್ ಕಲಿಯಬೇಕು ಅನ್ನುವವರಿಗೆ ನಾನು ಈಗಲೂ ಹೇಳುವುದು ಇದನ್ನೇ, ಮೊದಲು ಈ ಫೈಲಿನ ಜೊತೆ ಒಂದು ವಾರ ಆಟ ಆಡಿ.

ನಾನು ಸಾಲು ಸೇರಿಸಿದೆ. ಕನ್ವರ್ಟರು ಮಾಡುತ್ತಿದ್ದ ತಪ್ಪುಗಳೆಲ್ಲ ಬಾಯಿಪಾಠ ಆಗಿದ್ದವು, ಅದರಲ್ಲೂ ಅರ್ಕಾವತ್ತು. ನುಡಿಯಲ್ಲಿ ‘ಕರ್ನಾಟಕ’ ಅಂದರೆ ಮೊದಲು ‘ನಾ’, ಅದರ ಬೆನ್ನಿಗೆ ಅರ್ಕಾವತ್ತು, ಕಣ್ಣಿಗೆ ಹೇಗೆ ಕಾಣುತ್ತೋ ಹಾಗೆ. ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು, ಬಾಯಲ್ಲಿ ಹೇಗೆ ಅನ್ನುತ್ತೇವೋ ಹಾಗೆ. ನಮ್ಮ ಕನ್ವರ್ಟರು ಕೆಲವು ಕಡೆ ಈ ಅದಲುಬದಲು ಮರೆತುಬಿಡುತ್ತಿತ್ತು. ಅಂಥ ನಲವತ್ತು ಪದ ಬರೆದು ನೋಟ್‌ಪ್ಯಾಡಿನಲ್ಲಿ ಸೇವ್ ಒತ್ತಿದೆ. ಏನೋ ಎಚ್ಚರಿಕೆ ಬಂತು, ಓದದೆ ಓಕೆ ಒತ್ತಿದೆ. ಮರುದಿನ ತೆಗೆದು ನೋಡಿದರೆ ನಲವತ್ತು ಸಾಲಿನಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ. ವಿಂಡೋಸ್ 7ರ ನೋಟ್‌ಪ್ಯಾಡು ಆನ್ಸಿ ಅನ್ನುವ ರೂಪದಲ್ಲಿ ಸೇವ್ ಮಾಡುತ್ತೆ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಅಂತ ಆರಿಸಬೇಕಿತ್ತು. ಅವತ್ತೇ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಂಡೆ.

ಇಲ್ಲಿಂದ ಸ್ವಲ್ಪ ಸೊಕ್ಕು ಬಂತು. ಕನ್ವರ್ಟ್ ಆದ ಪಠ್ಯದಲ್ಲಿ ಕಣ್ಣಿಗೆ ಕಾಣದ ಯಾವುದೋ ಅಕ್ಷರ ಅಲ್ಲಲ್ಲಿ ಕೂತಿತ್ತು, ಬಾಣದ ಕೀಲಿ ಒತ್ತಿದರೆ ಕರ್ಸರ್ ಒಂದು ಕಡೆ ನಿಂತಲ್ಲೇ ನಿಲ್ಲುತ್ತಿತ್ತು. ಇದು ಕಸ ಅಂದುಕೊಂಡೆ. ಎಲ್ಲ ತೆಗೆದುಹಾಕು ಅಂತ ಪಟ್ಟಿಗೆ ಒಂದು ಸಾಲು ಸೇರಿಸಿದೆ. ಓಡಿಸಿದೆ, ಪ್ರಿಂಟ್ ತೆಗೆದು ಪ್ರೂಫ್ ನೋಡುವ ಕಾಕಾನ ಮುಂದಿಟ್ಟೆ. ಕಾಕಾ ಮೊಳೆ ಜೋಡಿಸುತ್ತಿದ್ದ ಕಾಲದವರು, ಅಚ್ಚುಮೊಳೆ ಉಲ್ಟಾ ಇದ್ದರೂ ಓದುವ ಕಣ್ಣು. ಎರಡನೇ ಪುಟಕ್ಕೇ ಕೆಂಪು ಪೆನ್ನು ತೆಗೆದರು. “ಇದೇನೋ, ಸಾಫ್ಟ್ವೇರ್ ಅಂತ ಟ ಕೆಳಗ ವ ಜೋತು ಬಿದ್ದೈತಿ?” ಅಂದರು. ಕಾರ್ಯದರ್ಶಿಯ ವರದಿಯಲ್ಲಿ ‘ಹೊಸ ಸಾಫ್ಟ್‌ವೇರ್ ಅಳವಡಿಸಲಾಗಿದೆ’ ಅಂತ ಇದ್ದದ್ದು ಹಾಗಾಗಿತ್ತು. ‘ಶೇರ್‌ದಾರ’ ಅನ್ನುವುದೂ ‘ಶೇರ್ದಾರ’ ಆಗಿ, ದಾ ಬೆನ್ನಿಗೆ ಅರ್ಕಾವತ್ತು ಕೂತಿತ್ತು. ನಾನು ಕಸ ಅಂತ ಗುಡಿಸಿದ್ದು ಝಡ್‌ಡಬ್ಲ್ಯುಎನ್‌ಜೆ, ಎರಡು ವ್ಯಂಜನ ಒತ್ತಾಗಿ ಅಂಟದಂತೆ ನಡುವೆ ನಿಲ್ಲಿಸುವ ಕಾಣದ ಗೋಡೆ. ಅಂಥವು ಆ ಪುಸ್ತಕದಲ್ಲಿ ಮುನ್ನೂರರ ಮೇಲಿದ್ದವು. ಹಳೇ ಫೈಲು ಉಳಿಸಿಕೊಂಡಿದ್ದಕ್ಕೆ ಬಚಾವಾದೆ.

ಕೋಡ್ ಅಂತ ನಾನೇ ಬರೆಯಲು ಕೂತದ್ದು 2022ರ ಬೇಸಿಗೆಯಲ್ಲಿ. ಇನ್‌ಡಿಸೈನಿಗೆ ವಿಂಡೋಸಿನಲ್ಲಿ ವಿಬಿಸ್ಕ್ರಿಪ್ಟಲ್ಲೂ ಬರೆಯಬಹುದು, ಜಾವಾಸ್ಕ್ರಿಪ್ಟಲ್ಲೂ ಬರೆಯಬಹುದು, ಎರಡೂ ಕೋಡ್ ಬರೆಯುವ ಭಾಷೆಗಳೇ. ಸ್ಯಾಂಪಲ್ಸ್ ಓದಿ ಅರ್ಥ ಆದದ್ದು ಜಾವಾಸ್ಕ್ರಿಪ್ಟಿನವು, ಹಾಗಾಗಿ ಅದೇ. ತಂಗಿಯ ಮಗ ಬಿಸಿಎ ಓದುತ್ತಿದ್ದ, ಅವನ ಹತ್ತಿರ ಒಂದು ಭಾನುವಾರ ಪಾಠ ಹೇಳಿಸಿಕೊಂಡೆ. ಅವನು ಹೇಳಿಕೊಟ್ಟದ್ದು ಒಂದೂ ಓಡಲಿಲ್ಲ! ‘ಲೆಟ್’ ಅಂತ ಬರೆದರೆ ತಪ್ಪು ಅನ್ನುತ್ತೆ, ‘ಟ್ರಿಮ್’ ಅಂದರೆ ಅಂಥದ್ದು ಇಲ್ಲ ಅನ್ನುತ್ತೆ. ಅವನೂ ತಲೆ ಕೆರೆದುಕೊಂಡ. ಕೊನೆಗೆ ತಿಳಿದದ್ದು, ನಮ್ಮ ಹಳೇ ಇನ್‌ಡಿಸೈನಿನ ಒಳಗಿರುವುದು ಎಕ್ಸ್‌ಟೆಂಡ್‌ಸ್ಕ್ರಿಪ್ಟ್, 1999ರಲ್ಲಿ ಬಂದ ಜಾವಾಸ್ಕ್ರಿಪ್ಟಿನ ಮೂರನೇ ಪ್ರಮಾಣದ ಮೇಲೆ ನಿಂತದ್ದು. ಆಮೇಲೆ ಹೊರಗೆ ಭಾಷೆ ಎಷ್ಟೋ ಬೆಳೆಯಿತು, ಒಳಗೆ ಅಷ್ಟೇ ಉಳಿಯಿತು. ಅಳಿಯನಿಗೆ ಬೇಜಾರಾಯಿತು, ನನಗೆ ಒಳಗೊಳಗೇ ಖುಷಿ. ಹಳೇದು ಅಂದರೆ ಕಲಿಯುವುದು ಕಡಿಮೆ ಅಲ್ವಾ.

ಭಾಷೆ ಕಷ್ಟ ಆಗಲಿಲ್ಲ, ನಿಜ ಹೇಳಬೇಕೆಂದರೆ. ವೇರಿಯಬಲ್, ಇಫ್, ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪು, ಇಷ್ಟರಲ್ಲೇ ಮುಕ್ಕಾಲು ಕೆಲಸ ಆಗುತ್ತೆ. ಕಷ್ಟ ಆದದ್ದು ನಾನು ದಿನಾ ಕೈಯಲ್ಲಿ ಮುಟ್ಟುವ ವಸ್ತುಗಳಿಗೆ ಇನ್‌ಡಿಸೈನ್ ಇಟ್ಟ ಹೆಸರು ತಿಳಿಯುವುದು. ಫೈಲಿನೊಳಗೆ ಪುಟ, ಪುಟದೊಳಗೆ ಟೆಕ್ಸ್ಟ್ ಫ್ರೇಮು ಅಂದರೆ ಪಠ್ಯ ಕೂರುವ ಚೌಕಟ್ಟು, ಇದು ಸರಿ. ಆದರೆ ಪಠ್ಯ ಫ್ರೇಮಿಗೆ ಸೇರಿದ್ದಲ್ಲ, ಅದು ಸ್ಟೋರಿ ಅನ್ನುವುದಕ್ಕೆ ಸೇರಿದ್ದು. ಹತ್ತು ಫ್ರೇಮುಗಳಲ್ಲಿ ಹರಿದರೂ ಸ್ಟೋರಿ ಒಂದೇ. ನಾನು ಫ್ರೇಮಿಗೆ ಒಂದರಂತೆ ಹತ್ತು ಸಲ ಹುಡುಕುತ್ತಿದ್ದೆ, ಸ್ಟೋರಿಗೆ ಒಂದು ಸಲ ಸಾಕಿತ್ತು. ಖಾಲಿ ಫ್ರೇಮುಗಳನ್ನು ಅಳಿಸಲು ಬರೆದ ಸ್ಕ್ರಿಪ್ಟು ಒಂದು ಬಿಟ್ಟು ಒಂದನ್ನು ಮಾತ್ರ ಅಳಿಸುತ್ತಿತ್ತು. ಮೊದಲನೆಯದು ಹೋದ ತಕ್ಷಣ ಎರಡನೆಯದು ಅದರ ಜಾಗಕ್ಕೆ ಜರುಗುತ್ತೆ, ಲೂಪು ಮಾತ್ರ ಎರಡನೇ ಜಾಗಕ್ಕೆ ಹೋಗಿರುತ್ತೆ. ಹಿಂದಿನಿಂದ ಎಣಿಸುತ್ತಾ ಬಂದರೆ ಈ ರಗಳೆ ಇಲ್ಲ. ಇದನ್ನು ಕಂಡುಹಿಡಿಯಲು ನನಗೆ ಎರಡು ಸಂಜೆ ಬೇಕಾಯಿತು.

ಈಗ ದೊಡ್ಡ ಅವಾಂತರಕ್ಕೆ ಬರುತ್ತೇನೆ. ಸದಸ್ಯರ ಯಾದಿ ಹರಿಸುವ ಸ್ಕ್ರಿಪ್ಟು ಬರೆದಿದ್ದೆ. ಮೊದಲ ಪುಟದಲ್ಲಿ ಫ್ರೇಮು ಇಡು, ಟೇಬಲ್ ಅಂಟಿಸು, ಪಠ್ಯ ಫ್ರೇಮಿನಿಂದ ಹೊರಚೆಲ್ಲಿದ್ದರೆ ಹೊಸ ಪುಟ ಸೇರಿಸಿ ಹೊಸ ಫ್ರೇಮಿಗೆ ಕೊಂಡಿ ಹಾಕು, ಚೆಲ್ಲುವುದು ನಿಲ್ಲುವವರೆಗೂ ಮಾಡುತ್ತಿರು. ಸಣ್ಣ ಪಟ್ಟಿಯ ಮೇಲೆ ಚೆನ್ನಾಗಿಯೇ ಓಡಿತ್ತು. ಸೆಪ್ಟೆಂಬರಿನಲ್ಲಿ ಅದೇ ಸೊಸೈಟಿಯ ಕೆಲಸ ಬಂದಾಗ ಧೈರ್ಯ ಮಾಡಿ ಸ್ಕ್ರಿಪ್ಟಿನ ಮೇಲೆ ಎರಡು ಸಲ ಒತ್ತಿ, ಮಿರ್ಚಿ ಗಿರ್ಮಿಟ್ ತಿಂದು ಬರೋಣ ಅಂತ ಹೊರಗೆ ಹೋದೆ. ಬಂದು ನೋಡಿದರೆ ಸ್ಕ್ರೀನು ಅಲುಗಾಡುತ್ತಿಲ್ಲ. ಎಸ್ಕೇಪು ಒತ್ತಿದೆ, ಕೇಳಲಿಲ್ಲ. ಆಮೇಲೆ ಯಾವಾಗಲೋ ನಿಂತಾಗ ಪುಟಗಳ ಸಂಖ್ಯೆ 1,200 ದಾಟಿತ್ತು. ಎಲ್ಲ ಖಾಲಿ. ಒಂದಾದರೂ ಹೆಸರು? ಇಲ್ಲ. ಇನ್‌ಡಿಸೈನ್ ಒಂದು ಫೈಲಿನಲ್ಲಿ 9,999 ಪುಟ ಬಿಡುತ್ತೆ, ಅಷ್ಟರವರೆಗೂ ಹೋಗುವ ಉತ್ಸಾಹದಲ್ಲೇ ಇತ್ತು ಅದು.

ಕಾರಣ ಹುಡುಕಿದ ಕಥೆ ಹೇಳಲೇಬೇಕು, ಯಾಕೆಂದರೆ ನಾನು ಕಲಿತದ್ದರಲ್ಲಿ ಅರ್ಧ ಆ ಒಂದು ರಾತ್ರಿಯಲ್ಲೇ. ಫ್ರೇಮಿನ ಜಾಗ ಹೇಳಲು ನಾಲ್ಕು ಅಂಕಿ ಕೊಡಬೇಕು. ನಾವು ಶಾಲೆಯಲ್ಲಿ ಕಲಿತಂತೆ ಎಡ, ಮೇಲೆ, ಅಗಲ, ಎತ್ತರ ಅಂತ ಅಲ್ಲ. ಇನ್‌ಡಿಸೈನಿಗೆ ಮೇಲೆ, ಎಡ, ಕೆಳಗೆ, ಬಲ. ಆ ಗೊಂದಲ ನನಗೆ ಮೊದಲೇ ಮುಗಿದಿತ್ತು. 20, 15, 195, 125 ಅಂತ ಸರಿಯಾಗಿಯೇ ಕೊಟ್ಟಿದ್ದೆ, ಮಿಲಿಮೀಟರು ಅಂದುಕೊಂಡು. ಆದರೆ ಆ ವರ್ಷ ಫೈಲಿನ ಮುಖಪುಟ ಬೇರೆಯವರು ಮಾಡಿದ್ದರು, ಅವರ ರೂಲರು ಪಾಯಿಂಟಿನಲ್ಲಿತ್ತು. ಸ್ಕ್ರಿಪ್ಟಿಗೆ ಅಳತೆ ಯಾವುದು ಅಂತ ಹೇಳದಿದ್ದರೆ ಅದು ಫೈಲಿನ ರೂಲರನ್ನೇ ನಂಬುತ್ತೆ. ಹಾಗಾಗಿ 175 ಮಿಲಿಮೀಟರು ಎತ್ತರ ಇರಬೇಕಾದ ಫ್ರೇಮು 175 ಪಾಯಿಂಟು, ಅಂದರೆ ಸುಮಾರು 62 ಮಿಲಿಮೀಟರು ಆಗಿತ್ತು. ಟೇಬಲಿನ ಮೊದಲ ಸಾಲು ಅಧ್ಯಕ್ಷರ ಫೋಟೊ, ಅದಕ್ಕೆ ನಾನು 70 ಮಿಲಿಮೀಟರು ಎತ್ತರ ಕೊಟ್ಟಿದ್ದೆ. ಸಾಲನ್ನು ಎರಡು ತುಂಡು ಮಾಡಲು ಆಗಲ್ಲ. ಅಧ್ಯಕ್ಷರು 62ರ ಬಾಗಿಲಲ್ಲಿ ಹಿಡಿಸಲಿಲ್ಲ. ಅವರ ಹಿಂದೆ 2,300 ಜನ ಪಾಳಿ ಹಚ್ಚಿ ನಿಂತರು. ಸ್ಕ್ರಿಪ್ಟು ಮುಂದಿನ ಪುಟದಲ್ಲಿ ಅಷ್ಟೇ ಸಣ್ಣ ಇನ್ನೊಂದು ಬಾಗಿಲು ತೆರೆಯಿತು. ಮತ್ತೆ ಇನ್ನೊಂದು.

ಇದೇ ಕೆಲಸ ಕೈಯಲ್ಲಿ ಮಾಡಿದ್ದರೆ ಎರಡನೇ ಖಾಲಿ ಪುಟಕ್ಕೇ ನಿಲ್ಲಿಸಿ, ಏನೋ ಎಡವಟ್ಟಾಗಿದೆ ಅನ್ನುತ್ತಿದ್ದೆ. ಅದನ್ನು ಸ್ಕ್ರಿಪ್ಟಿಗೆ ಯಾರು ಹೇಳಬೇಕು? ನಾನೇ. ಈಗ ಅದರಲ್ಲಿ ಎರಡು ಸಾಲು ಹೊಸದಾಗಿವೆ. ಶುರುವಿನಲ್ಲೇ ಅಳತೆ ಮಿಲಿಮೀಟರು ಅಂತ ಕಟ್ಟಿಹಾಕುವುದು ಒಂದು. ಹೊಸ ಫ್ರೇಮಿನೊಳಗೆ ಏನೂ ಇಳಿಯದಿದ್ದರೆ ಅಲ್ಲೇ ನಿಂತು ಸಂದೇಶ ತೋರಿಸುವುದು ಇನ್ನೊಂದು. ಸಂದೇಶ ನಾನೇ ಬರೆದದ್ದು: ‘ಅಧ್ಯಕ್ಷರು ಹಿಡಿಸ್ತಿಲ್ಲ’. ಮಾಲಕರು ಒಮ್ಮೆ ನೋಡಿ ಗಾಬರಿಯಾಗಿದ್ದರು.

ಅಂಕಿಗಳ ಗಲಾಟೆ ಇನ್ನೊಂದು. ಒಬ್ಬರಿಗೆ ಪುಸ್ತಕದಲ್ಲಿ ಎಲ್ಲ ಅಂಕಿಯೂ ಕನ್ನಡದಲ್ಲೇ ಬೇಕಿತ್ತು. ಸುಲಭದ ಕೆಲಸ, 0ಯಿಂದ 9ರವರೆಗೆ ಹತ್ತು ಸಲ ಹುಡುಕಿ ಬದಲಿಸಿದರೆ ಆಯಿತು. ಮೊದಲು ನಾನು ಪ್ಯಾರಾದ ಪಠ್ಯವನ್ನೇ ಎತ್ತಿ, ಬದಲಿಸಿ, ವಾಪಸ್ ಇಟ್ಟೆ. ಅಂಕಿ ಬದಲಾದವು, ಜೊತೆಗೆ ಪ್ಯಾರಾದೊಳಗಿನ ಬೋಲ್ಡು, ಬಣ್ಣ ಎಲ್ಲ ಮಾಯ. ಹಾಗೆ ವಾಪಸ್ ಇಟ್ಟರೆ ಪೂರ್ತಿ ಪ್ಯಾರಾ ಮೊದಲ ಅಕ್ಷರದ ವೇಷ ಹಾಕಿಕೊಳ್ಳುತ್ತೆ. ಇನ್‌ಡಿಸೈನಿನದ್ದೇ ಫೈಂಡ್-ಚೇಂಜನ್ನು ಸ್ಕ್ರಿಪ್ಟಿನಿಂದ ಕರೆದರೆ ವೇಷ ಉಳಿಯುತ್ತೆ, ಹಾಗೆ ಮಾಡಿದೆ. ಪ್ರೂಫ್ ಹೋಯಿತು. ಸಂಜೆ ಫೋನು ಬಂತು, “ಮೊಬೈಲ್ ನಂಬರ್ ಎಲ್ಲಾ ಕನ್ನಡ ಆಗ್ಯಾವಲ್ರಿ, ಐಎಫ್‌ಎಸ್‌ಸಿ ಕೋಡೂ!” ಅಂತ. ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಕನ್ನಡ ಸೊನ್ನೆ. ಅದನ್ನು ನೋಡಿ ಯಾರು ದುಡ್ಡು ಕಳಿಸುತ್ತಾರೆ?

ಮೊಬೈಲ್ ನಂಬರನ್ನು ನಾನು ಕಣ್ಣಲ್ಲಿ ಕಂಡರೆ ಗುರುತಿಸುತ್ತೇನೆ. ಹೇಗೆ ಗುರುತಿಸುತ್ತೇನೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಗ್ರೆಪ್‌ನಲ್ಲಿ, ಅಂದರೆ ಪದದ ಬದಲು ಅದರ ಮಾದರಿ ಹೇಳಿ ಹುಡುಕುವ ವಿಧಾನದಲ್ಲಿ, ಅದನ್ನು ಬಿಡಿಸಿ ಹೇಳಬೇಕು: ಮೊದಲ ಅಂಕಿ 6ರಿಂದ 9ರೊಳಗೆ, ಆಮೇಲೆ ಒಂಬತ್ತು ಅಂಕಿ, ಆಚೆ ಈಚೆ ಬೇರೆ ಅಂಕಿ ಅಂಟಿರಬಾರದು. ಹಾಗೆ ಸಿಕ್ಕಿದ್ದಕ್ಕೆಲ್ಲ ‘ಮುಟ್ಟಬೇಡ’ ಅಂತ ಒಂದು ಕ್ಯಾರೆಕ್ಟರ್ ಸ್ಟೈಲು ಹಚ್ಚಿದೆ. ಐಎಫ್‌ಎಸ್‌ಸಿಗೂ ಹಾಗೇ, ನಾಲ್ಕು ಇಂಗ್ಲಿಷ್ ಅಕ್ಷರ, ಒಂದು ಸೊನ್ನೆ, ಆಮೇಲೆ ಆರು. ಸ್ಟೈಲು ಇಲ್ಲದ ಅಂಕಿಗಳನ್ನು ಮಾತ್ರ ಎರಡನೇ ಸುತ್ತಿನಲ್ಲಿ ಬದಲಿಸಿದೆ. ಈ ಉಪಾಯ ನನ್ನದೇ, ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ, ಬಿಡಿ.

ಇನ್ನು ಅಕ್ಷರ ಎಣಿಸುವ ವಿಚಾರ. ಹೆಸರು ಉದ್ದ ಇದ್ದರೆ ಪಾಯಿಂಟ್ ಸೈಜು ಕಡಿಮೆ ಮಾಡು ಅಂತ ಬರೆದಿದ್ದೆ, ಹನ್ನೆರಡು ಅಕ್ಷರಕ್ಕೆ ಗಡಿ ಹಾಕಿ. ನೋಡಿದರೆ ‘ವಿರೂಪಾಕ್ಷಪ್ಪ’ ಒಂದೇ ಗಡಿ ಮುಟ್ಟಿದೆ. ನಾವು ಎಣಿಸಿದರೆ ಐದು: ವಿ, ರೂ, ಪಾ, ಕ್ಷ, ಪ್ಪ. ಜಾವಾಸ್ಕ್ರಿಪ್ಟು ಎಣಿಸಿದರೆ ಹನ್ನೆರಡು. ಅದಕ್ಕೆ ಗುಣಿತದ ಚಿಹ್ನೆ ಬೇರೆ, ಹಲಂತ ಬೇರೆ, ಒತ್ತಿನ ವ್ಯಂಜನ ಬೇರೆ. ‘ಶ್ರೀ’ ನಮಗೆ ಒಂದು, ಅದಕ್ಕೆ ನಾಲ್ಕು. ಕಾಕಾನಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. “ಮೊಳಿ ಕಾಲದಾಗೂ ಹಂಗ ಇತ್ತು. ಒತ್ತಿಂದು ಖಾನೆ ಬ್ಯಾರೆ, ಕೊಂಬಿಂದು ಬ್ಯಾರೆ. ಕೈ ನಾಕು ಕಡೆ ಹೋಗಿ ಬರತಿತ್ತು, ಅಕ್ಷರ ಒಂದ ಆಗತಿತ್ತು” ಅಂದರು. ಆಮೇಲೆ ಅಕ್ಷರ ಎಣಿಸುವುದನ್ನೇ ಬಿಟ್ಟೆ. ಟೇಬಲಿನ ಕೋಶದಿಂದ ಹೆಸರು ಹೊರಚೆಲ್ಲಿದೆಯಾ ಅಂತ ಕೇಳಿ, ಚೆಲ್ಲಿದ್ದರೆ ಅರ್ಧ ಪಾಯಿಂಟು ಇಳಿಸು, ಮತ್ತೆ ಕೇಳು. 8 ಪಾಯಿಂಟಿಗಿಂತ ಕೆಳಗೆ ಹೋಗಬೇಡ, ಹೋಗುವಂತಿದ್ದರೆ ಕೆಂಪು ಬಣ್ಣ ಹಚ್ಚಿ ನನಗೆ ಬಿಡು.

ಒಂದು ಸಣ್ಣ ಮಾತು, ನನ್ನ ಹಾಗೆ ನಿಮ್ಮ ಗೋಣು ನೋಯದಿರಲಿ ಅಂತ. ಸ್ಕ್ರಿಪ್ಟು ಓಡಿದ ಮೇಲೆ ಬೇಡ ಅನ್ನಿಸಿದರೆ ಕಂಟ್ರೋಲ್ ಝಡ್ ಒತ್ತಿದಾಗ ಅದರ ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತೆ, ಸಾವಿರ ಹೆಜ್ಜೆ ಇದ್ದರೆ ಸಾವಿರ ಸಲ. ಪೂರ್ತಿ ಕೆಲಸವನ್ನು ಡೂ-ಸ್ಕ್ರಿಪ್ಟ್ ಅನ್ನುವ ಆದೇಶದೊಳಗೆ ಇಟ್ಟು, ಅಂಡೂ ಮೋಡ್ ಎಂಟೈರ್ ಸ್ಕ್ರಿಪ್ಟ್ ಅಂತ ಕೊಟ್ಟರೆ ಒಂದೇ ಏಟಿಗೆ ಎಲ್ಲ ವಾಪಸ್. ಇದು ನನಗೆ ಮೊದಲ ದಿನವೇ ಗೊತ್ತಿದ್ದರೆ ಎಷ್ಟೋ ಚಹಾ ಉಳಿಯುತ್ತಿದ್ದವು.

ಹಾವೇರಿ ಕಡೆಯ ಒಬ್ಬ ಪರಿಚಯದವರು ಪುಕ್ಕಟೆಯ ಸ್ಕ್ರೈಬಸ್ ಬಳಸುತ್ತಾರೆ. ಅದರಲ್ಲಿ ಸ್ಕ್ರಿಪ್ಟು ಪೈಥಾನಿನಲ್ಲಿ, ಫ್ರೇಮಿನ ಅಂಕಿಗಳೂ ಎಡ, ಮೇಲೆ, ಅಗಲ, ಎತ್ತರ ಅಂತ ನೆಟ್ಟಗಿವೆ. ಎರಡು ದಿನ ಕೂತು ನೋಡಿದೆ, ಇಷ್ಟವೂ ಆಯಿತು. ಆದರೆ ನಮ್ಮ ಹಳೇ ಫೈಲುಗಳೆಲ್ಲ ಇನ್‌ಡಿಸೈನಿನಲ್ಲಿವೆ, ಸದ್ಯಕ್ಕೆ ಅಲ್ಲೇ ಇದ್ದೇನೆ.

ಹೋದ ಸೀಸನ್ನಿನಲ್ಲಿ ಅದೇ ಸೊಸೈಟಿಯ ಯಾದಿ ಮತ್ತೆ ಬಂತು. ಸಂಜೆ ನಾಲ್ಕಕ್ಕೆ ಪೆನ್ ಡ್ರೈವ್ ಕೊಟ್ಟು ಹೋದರು. ಕನ್ವರ್ಟರಿಗೆ ಹಾಕಿದ್ದು, ಫೈಂಡ್ ಚೇಂಜ್ ಪಟ್ಟಿ ಓಡಿಸಿದ್ದು, ಯಾದಿ ಹರಿಸಿದ್ದು ಸೇರಿ ನಲವತ್ತು ನಿಮಿಷ. ಕೆಂಪು ಬಣ್ಣ ಹತ್ತಿದ ಹೆಸರು ಹನ್ನೊಂದು, ಅವನ್ನು ಕೈಯಲ್ಲಿ ಸರಿಮಾಡಿದೆ. ಕಾಕಾ ಪ್ರೂಫಿಗೆ ಮಾತ್ರ ಮೊದಲಿನಷ್ಟೇ ಎರಡು ದಿನ ತೆಗೆದುಕೊಂಡರು. ಅವರಿಗೆ ಅವಸರ ಮಾಡಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮಾಲಕರು ಪುಟಕ್ಕೆ ಇಷ್ಟು ಅಂತ ಹಳೇ ರೇಟಿನಲ್ಲೇ ಬಿಲ್ ಹಾಕಿದರು, ನನ್ನ ಪಗಾರವೂ ಹಳೇದೇ. ಪೆನ್ ಡ್ರೈವ್ ಬಂದ ದಿನ ನಾನು ಆರೂವರೆಗೆ ಸೈಕಲ್ ತೆಗೆದುಕೊಂಡು ಬೆಟಗೇರಿಗೆ ಮನೆಗೆ ಹೋದೆ. ಸೆಪ್ಟೆಂಬರ್ ತಿಂಗಳಲ್ಲಿ ಆ ಹೊತ್ತಿಗೆ ನನ್ನನ್ನು ಕಂಡು ಮನೆಯಾಕೆ ಮೊದಲು ಕೇಳಿದ್ದು, “ಯಾಕ, ಪ್ರೆಸ್ಸಿನ್ಯಾಗ ಕರೆಂಟ್ ಇಲ್ಲೇನು?” ಅಂತ.